ಶಾಲಾ ಪೂರ್ವ ಶಿಕ್ಷಣದಲ್ಲಿ ಪದಾಂತ್ಯಗಳ ಕಲಿಕೆ: ಪೋಷಕರಿಗೆ ಮಾಹಿತಿ

1. ಪೀಠಿಕೆ

ಮೂರರಿಂದ ಆರು ವರ್ಷದೊಳಗಿನ ಮಕ್ಕಳನ್ನು ಅಂಗನವಾಡಿ ಕೇಂದ್ರಕ್ಕೆ ದಾಖಲಿಸಲು ಬರುವ ಪೋಷಕರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, "ಇಲ್ಲಿ ಅಕ್ಷರ ಬರೆಯಲು ಯಾವಾಗ ಕಲಿಸುತ್ತೀರಿ?" ಎಂಬುದಾಗಿರುತ್ತದೆ. ಪ್ರಶ್ನೆ ಸಹಜವಾದುದು. ಬರವಣಿಗೆ ಕಾಣದಿದ್ದಾಗ ಕಲಿಕೆಯೇ ನಡೆಯುತ್ತಿಲ್ಲವೆಂದು ಭಾವಿಸಿ, ಮಗುವನ್ನು ನಾಲ್ಕನೆಯ ವರ್ಷದಲ್ಲಿಯೇ ಕೇಂದ್ರದಿಂದ ಬಿಡಿಸುವವರೂ ಇದ್ದಾರೆ.

ಆದರೆ ಮಗು ಅಕ್ಷರ ಬರೆಯುವುದಕ್ಕೆ ಮೊದಲೇ ಕಿವಿಯಿಂದ ಗುರುತಿಸಬೇಕಾದ ಕೆಲವು ಸಂಗತಿಗಳಿವೆ. ಅವುಗಳಲ್ಲಿ ಪದಗಳ ಅಂತ್ಯವು ಮುಖ್ಯವಾದುದು. ಕನ್ನಡದಲ್ಲಿ ಯಾರು, ಯಾರಿಗೆ, ಎಲ್ಲಿ, ಎಲ್ಲಿಂದ, ಎಷ್ಟು ಎಂಬ ವಿಷಯಗಳನ್ನು ಬಹುಮಟ್ಟಿಗೆ ಪದದ ಕೊನೆಯೇ ತಿಳಿಸುತ್ತದೆ. ಈ ಕೊನೆಗಳನ್ನು ಮಗು ಮನೆಯಲ್ಲಿ ಮಾತನಾಡುತ್ತಲೇ ಕಲಿತಿರುತ್ತದೆ. ಅದನ್ನು ಗಮನವಿಟ್ಟು ಕೇಳುವಂತೆ ಮಾಡುವುದು ಶಾಲಾ ಪೂರ್ವ ಶಿಕ್ಷಣದ ಕೆಲಸ. ಇದಕ್ಕೆ ಸ್ಲೇಟು, ಪುಸ್ತಕ, ಮನೆಪಾಠ ಯಾವುದೂ ಅಗತ್ಯವಿಲ್ಲ. ಈ ಕುರಿತು ಪೋಷಕರಿಗೆ ಅಗತ್ಯವಾದ ಮಾಹಿತಿಯನ್ನು ಈ ಕೆಳಗೆ ನೀಡಲಾಗಿದೆ.

2. ಪದಾಂತ್ಯ ಎಂದರೇನು?

ಪದಾಂತ್ಯವೆಂದರೆ ಪದದ ಕೊನೆಯ ಭಾಗ. ಮಕ್ಕಳಿಗೆ ಇದನ್ನು "ಪದದ ಬಾಲ" ಎಂದು ಹೇಳಿದರೆ ಸುಲಭವಾಗಿ ಅರ್ಥವಾಗುತ್ತದೆ. ಪದಾಂತ್ಯಗಳನ್ನು ಎರಡು ವಿಧವಾಗಿ ವಿಂಗಡಿಸಬಹುದು.

(ಅ) ಅರ್ಥವನ್ನು ಬದಲಿಸುವ ಪದಾಂತ್ಯಗಳು. ವ್ಯಾಕರಣದಲ್ಲಿ ಇವುಗಳನ್ನು ಪ್ರತ್ಯಯಗಳೆಂದು ಕರೆಯಲಾಗುತ್ತದೆ. ಉದಾಹರಣೆಗೆ:

- ಸ್ಥಳ ಮತ್ತು ದಿಕ್ಕು: ಮನೆ, ಮನೆಗೆ, ಮನೆಯಲ್ಲಿ, ಮನೆಯಿಂದ
- ಸಂಬಂಧ: ಅಪ್ಪನ ಚಪ್ಪಲಿ, ಮರದ ಎಲೆ, ಹಸುವಿನ ಕರು
- ಸಂಖ್ಯೆ: ಮರ–ಮರಗಳು, ಹುಡುಗ–ಹುಡುಗರು, ಅಕ್ಕ–ಅಕ್ಕಂದಿರು
- ಕ್ರಿಯೆ ಮಾಡಿದವರು: ಬಂದೆ, ಬಂದನು, ಬಂದಳು, ಬಂದಿತು, ಬಂದರು
- ಪ್ರಶ್ನೆ, ಒತ್ತು, ಸೇರ್ಪಡೆ: ಬಂದಳಾ? ನಾನೇ, ನಾನೂ

(ಆ) ಧ್ವನಿಯಲ್ಲಿ ಹೊಂದುವ ಪದಾಂತ್ಯಗಳು. ಅಂದರೆ ಪ್ರಾಸ. ಕಲ್ಲು–ಹಲ್ಲು–ಬಿಲ್ಲು, ಹಣ್ಣು–ಕಣ್ಣು–ಮಣ್ಣು, ಹಾಲು–ಕಾಲು–ನೂಲು ಇತ್ಯಾದಿ. ಇಲ್ಲಿ ಕೊನೆ ಒಂದೇ ಆಗಿದ್ದು, ಪದದ ಮೊದಲ ಭಾಗ ಮಾತ್ರ ಬದಲಾಗುತ್ತದೆ.

ಮೊದಲನೆಯ ವಿಧವು ಮಗುವಿಗೆ ವಾಕ್ಯದ ಅರ್ಥವನ್ನು ಹಿಡಿಯಲು ನೆರವಾಗುತ್ತದೆ. ಎರಡನೆಯದು ಪದವನ್ನು ತುಂಡು ಮಾಡಿ ಕೇಳುವುದನ್ನು ಕಲಿಸುತ್ತದೆ. ಓದಲು ಎರಡೂ ಬೇಕು.

ಕನ್ನಡದ ಪದಾಂತ್ಯಗಳನ್ನು 13ನೆಯ ಶತಮಾನದ ಕೇಶಿರಾಜನು ತನ್ನ 'ಶಬ್ದಮಣಿದರ್ಪಣ'ದಲ್ಲಿ ಶಾಸ್ತ್ರೀಯವಾಗಿ ವಿವರಿಸಿದ್ದಾನೆ. ಶಾಲೆಯಲ್ಲಿ ಏಳು ವಿಭಕ್ತಿಗಳ ಪಟ್ಟಿಯನ್ನು ಕಂಠಪಾಠ ಮಾಡಿದುದು ಅನೇಕ ಪೋಷಕರಿಗೆ ನೆನಪಿರಬಹುದು. ಆ ಪಟ್ಟಿಗೂ ಇಲ್ಲಿ ಹೇಳುತ್ತಿರುವ ಕಲಿಕೆಗೂ ವ್ಯತ್ಯಾಸವಿದೆ. ನಾಲ್ಕು ವರ್ಷದ ಮಗುವಿಗೆ "ಚತುರ್ಥಿ ವಿಭಕ್ತಿ" ಎಂಬ ಹೆಸರು ಬೇಕಿಲ್ಲ. "ಲಾಡು ಯಾರಿಗೆ?" ಎಂದು ಕೇಳಿದಾಗ "ಅಜ್ಜಿಗೆ" ಎಂದು ಉತ್ತರಿಸಿದರೆ ಸಾಕು.

3. ಓದುವುದಕ್ಕೂ ಪದಾಂತ್ಯಕ್ಕೂ ಇರುವ ಸಂಬಂಧ

ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರಗಳಿವೆ: 13 ಸ್ವರಗಳು, 2 ಯೋಗವಾಹಗಳು ಹಾಗೂ 34 ವ್ಯಂಜನಗಳು. 34 ವ್ಯಂಜನಗಳಿಗೆ 13 ಸ್ವರಗಳನ್ನು ಸೇರಿಸಿದರೆ 442 ಗುಣಿತಾಕ್ಷರಗಳಾಗುತ್ತವೆ. ಒತ್ತಕ್ಷರಗಳು ಇದರ ಮೇಲೆ ಹೆಚ್ಚುವರಿ. ಇಷ್ಟನ್ನು ಒಂದೆರಡು ವರ್ಷಗಳಲ್ಲಿ ಮುಗಿಸಲು ಸಾಧ್ಯವಿಲ್ಲ. ಕನ್ನಡ ಮಾಧ್ಯಮದ ಮಕ್ಕಳ ಓದನ್ನು ಕುರಿತು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಅಕ್ಷರಜ್ಞಾನವು ಪ್ರಾಥಮಿಕ ಶಾಲೆಯ ಹಲವು ತರಗತಿಗಳವರೆಗೂ ಬೆಳೆಯುತ್ತಲೇ ಇರುತ್ತದೆಂದು ತೋರಿಸಿದೆ. ಆದ್ದರಿಂದ ಮೂರನೆಯ ವರ್ಷದಲ್ಲಿಯೇ ಅಕ್ಷರಗಳನ್ನು ತಿದ್ದಿಸಲು ಆತುರಪಡುವುದರಿಂದ ಹೆಚ್ಚಿನ ಲಾಭವಿಲ್ಲ.

ಇನ್ನೊಂದು ವಿಷಯವನ್ನು ಪೋಷಕರು ಗಮನಿಸಬೇಕು. ವರ್ಣಮಾಲೆಯ ಕ್ರಮದಲ್ಲಿ ಕಲಿಸುವಾಗ ಒತ್ತಕ್ಷರಗಳು ಕಡೆಯಲ್ಲಿ ಬರುತ್ತವೆ. ಆದರೆ ವಾಕ್ಯಗಳಲ್ಲಿ ಅವು ಮೊದಲ ಪುಟದಿಂದಲೇ ಎದುರಾಗುತ್ತವೆ. ಕಾರಣ, ಕನ್ನಡದ ಅತಿ ಹೆಚ್ಚು ಬಳಕೆಯ ಪದಾಂತ್ಯಗಳಲ್ಲಿಯೇ ಒತ್ತಕ್ಷರಗಳಿವೆ. "ಅಲ್ಲಿ", "ಅನ್ನು", "ಕ್ಕೆ", "ಉತ್ತಾನೆ", "ಉತ್ತಾಳೆ" ಇವುಗಳನ್ನು ನೋಡಬಹುದು. ಕಣ್ಣಿಗೆ ಕಠಿಣವಾದ ಈ ಬರಹವು ಕಿವಿಗೆ ಅತ್ಯಂತ ಪರಿಚಿತವಾದ ಧ್ವನಿಯಾಗಿದೆ. ಈ ಪರಿಚಯವನ್ನು ಬಳಸಿಕೊಳ್ಳುವುದೇ ಪದಾಂತ್ಯ ಚಟುವಟಿಕೆಗಳ ಉದ್ದೇಶ.

ಒಂದು ವಾಕ್ಯವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ: "ಅಜ್ಜಿ ಮನೆಯಲ್ಲಿ ಮಕ್ಕಳಿಗೆ ಹಾಲನ್ನು ಕೊಟ್ಟಳು." ಇದರಲ್ಲಿ ಐದು ಪದಗಳಿದ್ದು, ನಾಲ್ಕು ಪದಗಳ ಕೊನೆಯಲ್ಲಿ ಪ್ರತ್ಯಯಗಳಿವೆ. ಪದಾಂತ್ಯಗಳನ್ನು ತೆಗೆದುಹಾಕಿದರೆ "ಅಜ್ಜಿ, ಮನೆ, ಮಕ್ಕಳು, ಹಾಲು, ಕೊಡು" ಎಂದು ಉಳಿಯುತ್ತದೆ. ಆಗ ಕೊಟ್ಟವರು ಯಾರು, ಪಡೆದವರು ಯಾರು, ಕೊಟ್ಟಾಗಿದೆಯೇ ಇಲ್ಲವೇ ಎಂಬುದೊಂದೂ ತಿಳಿಯುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ಮೊತ್ತ ಮಾತ್ರ ಬರೆದು, ಅದು ಜಮೆಯೋ ಖರ್ಚೋ ಎಂಬುದನ್ನು ಬರೆಯದೆ ಬಿಟ್ಟಂತಾಗುತ್ತದೆ.

ಒಂದನೇ ತರಗತಿಯ ಮಗು "ಅಂಗನವಾಡಿಯಲ್ಲಿ" ಎಂಬ ಪದವನ್ನು ಅಂ, ಗ, ನ, ವಾ, ಡಿ, ಯ, ಲ್ಲಿ ಎಂದು ಏಳು ತುಂಡುಗಳಾಗಿ ಓದುತ್ತಾ ಹೋದರೆ, ಕೊನೆ ಮುಟ್ಟುವ ಹೊತ್ತಿಗೆ ಮೊದಲು ಮರೆತುಹೋಗಿರುತ್ತದೆ. "ಅಂಗನವಾಡಿ" ಮತ್ತು "ಅಲ್ಲಿ" ಎಂಬ ಎರಡು ಭಾಗಗಳನ್ನು ಕೇಳಿ ಅಭ್ಯಾಸವಿರುವ ಮಗು ಅದೇ ಪದವನ್ನು ಎರಡೇ ಹೆಜ್ಜೆಗಳಲ್ಲಿ ದಾಟುತ್ತದೆ. ಓದಿದ್ದು ಅರ್ಥವಾಗುವುದೂ ಹೀಗೆಯೇ.

4. ಮಕ್ಕಳು ಪದಾಂತ್ಯಗಳನ್ನು ಕಲಿಯುವ ಬಗೆ

ಅಣ್ಣನ ಕೈಯಲ್ಲಿ ಚಿಕ್ಕಿ ಕಂಡ ಕೂಡಲೇ ಮೂರು ವರ್ಷದ ಮಗು "ನನಗೂ" ಎಂದು ಕೈ ಚಾಚುತ್ತದೆ. ಈ ಒಂದು ಪದದಲ್ಲಿ ಮಗು "ನಾನು" ಎಂಬುದಕ್ಕೆ "ಗೆ" ಹಾಗೂ "ಊ" ಎಂಬ ಎರಡು ಪದಾಂತ್ಯಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಿದೆ. ಇದನ್ನು ಯಾರೂ ಪಾಠ ಮಾಡಿ ಕಲಿಸಿದ್ದಲ್ಲ.

ಮಕ್ಕಳು ಕೇಳಿದ್ದನ್ನು ಕೇವಲ ಗಿಳಿಪಾಠ ಒಪ್ಪಿಸುವುದಿಲ್ಲ, ಅದರೊಳಗಿನ ನಿಯಮವನ್ನೂ ಗ್ರಹಿಸುತ್ತಾರೆ. ಅಮೆರಿಕದ ಸಂಶೋಧಕಿ ಜೀನ್ ಬರ್ಕೊ ಅವರು 1958ರಲ್ಲಿ ಇದನ್ನು ಸರಳ ವಿಧಾನದಿಂದ ತೋರಿಸಿದರು. ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ ಒಂದು ಕಾಲ್ಪನಿಕ ಪ್ರಾಣಿಯ ಚಿತ್ರವನ್ನು ತೋರಿಸಿ, ಅದಕ್ಕೆ ಯಾರೂ ಕೇಳಿರದ "ವಗ್" ಎಂಬ ಹೆಸರಿಟ್ಟು, ಅಂತಹ ಎರಡು ಇದ್ದರೆ ಏನೆನ್ನುವಿರೆಂದು ಕೇಳಿದರು. ಮಕ್ಕಳಲ್ಲಿ ಹೆಚ್ಚಿನವರು ಇಂಗ್ಲಿಷಿನ ಬಹುವಚನದ ಅಂತ್ಯವನ್ನು ತಾವಾಗಿಯೇ ಸೇರಿಸಿದರು. ಎಂದೂ ಕೇಳದ ಪದಕ್ಕೆ ಸರಿಯಾದ ಅಂತ್ಯ ಹಚ್ಚಬೇಕಾದರೆ ನಿಯಮ ಮನಸ್ಸಿನಲ್ಲಿರಲೇಬೇಕು.

ನಮ್ಮ ಮಕ್ಕಳೂ ಇದನ್ನೇ ಮಾಡುತ್ತಾರೆ. ಬಸ್ಸಿಗೆ, ಬಸ್ಸಿನಲ್ಲಿ, ಮೊಬೈಲಿಂದ ಎಂದು ಹೊರಗಿನಿಂದ ಬಂದ ಪದಗಳಿಗೂ ಕನ್ನಡದ ಬಾಲವನ್ನು ಅಂಟಿಸುತ್ತಾರೆ. ಹಾಗೆಯೇ "ಮಾಡಿದ", "ಓಡಿದ" ಎಂಬ ಮಾದರಿಯನ್ನು ಅನುಸರಿಸಿ "ಕೊಟ್ಟ" ಎನ್ನುವ ಬದಲು "ಕೊಡಿದ" ಎಂದೂ, "ಮನೆಗೆ" ಎಂಬ ಮಾದರಿಯಲ್ಲಿ "ಮರಗೆ" ಎಂದೂ, "ಮರಗಳು" ಎಂಬ ಮಾದರಿಯಲ್ಲಿ "ಅಕ್ಕಗಳು" ಎಂದೂ ಮಗು ಹೇಳಬಹುದು. ಇಂತಹ ಮಾತುಗಳಿಗೆ ನಗುವುದು ಅಥವಾ ಗದರಿಸುವುದು ಸರಿಯಲ್ಲ. ಮಗು ನಿಯಮವನ್ನು ಕಂಡುಕೊಂಡಿದೆ, ಅದರ ಅಪವಾದಗಳು ಮಾತ್ರ ಇನ್ನೂ ತಿಳಿಯಬೇಕಾಗಿವೆ ಎಂಬುದೇ ಇದರ ಅರ್ಥ.

"ಎರಡು ಮರ", "ಐದು ಬಳಪ" ಎಂದು ಮಗು ಹೇಳಿದರೆ ಅದನ್ನು ತಿದ್ದುವ ಅಗತ್ಯವೂ ಇಲ್ಲ. ಸಂಖ್ಯೆಯನ್ನು ಹೇಳಿದ ಮೇಲೆ ವಸ್ತುಗಳಿಗೆ "ಗಳು" ಸೇರಿಸದೆ ಮಾತನಾಡುವುದು ಕನ್ನಡದಲ್ಲಿ ರೂಢಿಯಲ್ಲಿದೆ.

5. ಕೇಂದ್ರದಲ್ಲಿ ಹಾಗೂ ಮನೆಯಲ್ಲಿ ಮಾಡಬಹುದಾದ ಚಟುವಟಿಕೆಗಳು

ಈ ಕೆಳಕಂಡ ಚಟುವಟಿಕೆಗಳಿಗೆ ಯಾವುದೇ ಖರ್ಚಿಲ್ಲ. ಪ್ರತಿಯೊಂದಕ್ಕೂ ಐದರಿಂದ ಹತ್ತು ನಿಮಿಷ ಸಾಕು. ಮಗುವಿಗೆ ಬೇಸರವಾದ ಕೂಡಲೇ ನಿಲ್ಲಿಸುವುದು.

(1) ನಿಂಬೆಹಣ್ಣು ಎಲ್ಲಿದೆ? ಒಂದು ನಿಂಬೆಹಣ್ಣು, ಒಂದು ಡಬ್ಬಿ, ಒಂದು ತಟ್ಟೆಯನ್ನು ಇಟ್ಟುಕೊಳ್ಳುವುದು. ಮಗು ಕಣ್ಣು ಮುಚ್ಚಿದಾಗ ಹಣ್ಣಿನ ಜಾಗವನ್ನು ಬದಲಿಸಿ, "ಎಲ್ಲಿದೆ?", "ಎಲ್ಲಿಂದ ತೆಗೆದೆ?", "ಎಲ್ಲಿಗೆ ಹಾಕಲಿ?" ಎಂದು ಕೇಳುವುದು. ಡಬ್ಬಿಯಲ್ಲಿ, ತಟ್ಟೆಯಿಂದ, ಡಬ್ಬಿಗೆ ಎಂಬ ಉತ್ತರಗಳು ತಾವಾಗಿಯೇ ಬರುತ್ತವೆ. ನಂತರ ಮಗುವೇ ಬಚ್ಚಿಟ್ಟು ದೊಡ್ಡವರನ್ನು ಕೇಳಲಿ. ದೊಡ್ಡವರು ಬೇಕೆಂದೇ ತಪ್ಪು ಉತ್ತರ ಹೇಳಿದರೆ ಮಕ್ಕಳಿಗೆ ಬಹಳ ಸಂತೋಷ.

(2) ಇದು ಯಾರಿಗೆ, ಇದು ಯಾರದು? ಊಟ ಬಡಿಸುವಾಗ ತಟ್ಟೆಗಳನ್ನು ಹಂಚುವ ಕೆಲಸವನ್ನು ಮಗುವಿಗೆ ಕೊಡುವುದು. "ಅಕ್ಕನಿಗೆ ಒಂದು, ತಾತನಿಗೆ ಒಂದು, ಅಜ್ಜಿಗೆ ಒಂದು" ಎಂದು ಹೇಳಿಕೊಂಡು ಹಂಚಲಿ. ಬಟ್ಟೆ ಮಡಿಸುವಾಗ "ಅಪ್ಪನ ಅಂಗಿ, ಅಮ್ಮನ ಸೀರೆ, ಪಾಪುವಿನ ಚಡ್ಡಿ" ಎಂದು ಹೆಸರಿಸಲಿ.

(3) ಬಂದದ್ದು ಯಾರು? ಒಬ್ಬರು "ಬಂದಳು" ಎಂದಷ್ಟೇ ಹೇಳುವುದು. ಬಂದದ್ದು ಅಣ್ಣನೋ, ಅಕ್ಕನೋ, ಬೆಕ್ಕೋ ಎಂದು ಮಗು ಊಹಿಸುವುದು. ಬಂದ, ಬಂದಳು, ಬಂತು, ಬಂದರು ಎಂದು ಬದಲಿಸುತ್ತಾ ಹೋಗುವುದು. ಪದದ ಬಾಲವನ್ನು ಮಾತ್ರ ಕೇಳಿ ಇಡೀ ವಿಷಯ ತಿಳಿಯಬಹುದೆಂಬುದು ಮಗುವಿಗೆ ಇಲ್ಲಿ ಮನವರಿಕೆಯಾಗುತ್ತದೆ.

(4) ಬಾಲ ಸೇರದ ಪದ. "ಕಣ್ಣು, ಮಣ್ಣು, ಮೂಗು" ಎಂದು ಹೇಳಿ, ಗುಂಪಿಗೆ ಸೇರದ ಪದ ಯಾವುದೆಂದು ಕೇಳುವುದು. "ಕಲ್ಲು, ಹುಲ್ಲು, ಮರ" ಎಂಬಂತಹ ಇತರ ಗುಂಪುಗಳನ್ನೂ ಮಾಡಿಕೊಳ್ಳಬಹುದು. ಸ್ವಲ್ಪ ದೊಡ್ಡ ಮಕ್ಕಳಿಗೆ "ಮನೆಯಲ್ಲಿ, ಶಾಲೆಯಲ್ಲಿ, ಊರಿಂದ" ಎಂದು ಪ್ರತ್ಯಯಗಳನ್ನೂ ಇದೇ ರೀತಿ ಕೊಡಬಹುದು.

(5) ಊಟ–ಗೀಟ. "ಊಟಗೀಟ ಆಯಿತಾ?", "ಹಣ್ಣುಗಿಣ್ಣು ತಂದೆಯಾ?" ಎಂದು ದೊಡ್ಡವರು ದಿನವೂ ಆಡುವ ಮಾತುಗಳಲ್ಲಿ ಒಂದು ಒಳ್ಳೆಯ ಪಾಠವಿದೆ. ಪದದ ತಲೆಯನ್ನು ತೆಗೆದು "ಗಿ" ಅಥವಾ "ಗೀ" ಇಡುತ್ತೇವೆ, ಬಾಲ ಹಾಗೆಯೇ ಉಳಿಯುತ್ತದೆ. ದೊಡ್ಡವರು "ಬಳಪ" ಎಂದರೆ ಮಗು "ಗಿಳಪ" ಎನ್ನಬೇಕು. ಮನೆ–ಗಿನೆ, ಹಾಲು–ಗೀಲು, ಅಂಗಡಿ–ಗಿಂಗಡಿ. ಪದವನ್ನು ಮುರಿದು ಮತ್ತೆ ಕಟ್ಟುವ ಈ ಕೌಶಲವು ಮುಂದೆ ಅಕ್ಷರಗಳನ್ನು ಕೂಡಿಸಿ ಓದಲು ನೇರವಾಗಿ ನೆರವಾಗುತ್ತದೆ.

(6) ಹೊಸ ಪ್ರಾಣಿ. ಮಗುವಿನೊಂದಿಗೆ ಒಂದು ವಿಚಿತ್ರ ಪ್ರಾಣಿಯ ಚಿತ್ರ ಬರೆದು, ಅದಕ್ಕೆ "ಪೀಮ" ಎಂಬಂತಹ ಇಲ್ಲದ ಹೆಸರಿಡುವುದು. "ಇನ್ನೊಂದು ಬಂತು, ಈಗ ಏನು ಇವೆ?", "ಯಾರಿಗೆ ಹಸಿವಾಗಿದೆ?", "ಇದು ಯಾರ ಬಾಲ?" ಎಂದು ಕೇಳುವುದು. ಪೀಮಗಳು, ಪೀಮಕ್ಕೆ, ಪೀಮದ ಎಂದು ಉತ್ತರಿಸಿದರೆ ಮಗು ಅದನ್ನು ಪ್ರಾಣಿಯೆಂದು ತಿಳಿದಿದೆ. ಪೀಮರು, ಪೀಮನಿಗೆ, ಪೀಮನ ಎಂದರೆ ಮನುಷ್ಯನಂತೆ ಭಾವಿಸಿದೆ. ಎರಡೂ ಸರಿಯಾದ ಉತ್ತರಗಳೇ.

(7) ಕಥೆಯಲ್ಲಿ ಬಾಲ ಬಿಡುವುದು. ಮಗುವಿಗೆ ಚೆನ್ನಾಗಿ ಪರಿಚಯವಿರುವ ಕಥೆಯನ್ನು ಹೇಳುವಾಗ "ಕಾಗೆ ಮರದ ಮೇಲಿಂದ ಹಾರಿ..." ಎಂದು ನಿಲ್ಲಿಸುವುದು. ವಾಕ್ಯದ ಕೊನೆಯನ್ನು ಮಗು ಪೂರ್ಣಗೊಳಿಸಲಿ.

6. ವಯೋಮಾನಕ್ಕೆ ಅನುಗುಣವಾಗಿ ನಿರೀಕ್ಷೆ

ಈ ಕೆಳಗಿನ ವಿವರವು ಮಾರ್ಗದರ್ಶನಕ್ಕಾಗಿ ಮಾತ್ರ. ಇದು ಪರೀಕ್ಷೆಯಲ್ಲ, ಇದರ ಆಧಾರದ ಮೇಲೆ ಮಕ್ಕಳನ್ನು ಪರಸ್ಪರ ಹೋಲಿಸಬಾರದು.

- 3 ರಿಂದ 4 ವರ್ಷ: ಕೇಳುವುದು, ಹಾಡುವುದು, ಅಭಿನಯಿಸುವುದು. ಚಟುವಟಿಕೆ (1) ಮತ್ತು (2) ಸೂಕ್ತ. ಅಕ್ಷರಗಳ ಬರವಣಿಗೆ ಬೇಡ.
- 4 ರಿಂದ 5 ವರ್ಷ: ಪ್ರಾಸ ಗುರುತಿಸುವುದು, ಪದಗಳಿಗೆ ಚಪ್ಪಾಳೆ ತಟ್ಟಿ ಅಕ್ಷರಗಳನ್ನು ಎಣಿಸುವುದು. ಚಟುವಟಿಕೆ (3), (4), (5) ಮತ್ತು (7) ಸೂಕ್ತ.
- 5 ರಿಂದ 6 ವರ್ಷ: ಪದ ಮತ್ತು ಅದರ ಬಾಲವನ್ನು ಬೇರೆ ಮಾಡಿ ಹೇಳುವುದು, ಹೊಸ ಪದಗಳಿಗೆ ಬಾಲ ಸೇರಿಸುವುದು. ಚಟುವಟಿಕೆ (6) ಸೂಕ್ತ. ಗೋಡೆಯ ಮೇಲಿನ ಚಿತ್ರಪಟಗಳಲ್ಲಿ "ಅಲ್ಲಿ", "ಇಂದ", "ಗಳು" ಮುಂತಾದುವನ್ನು ಬೆರಳಿಟ್ಟು ತೋರಿಸಬಹುದು.

7. ಮನೆಮಾತು ಹಾಗೂ ಪ್ರಾದೇಶಿಕ ರೂಪಗಳು

ಪುಸ್ತಕದಲ್ಲಿ "ಮನೆಯಲ್ಲಿ" ಎಂದಿರುವುದನ್ನು ಮೈಸೂರು ಕಡೆಯ ಮಗು "ಮನೇಲಿ" ಎಂದೂ, ಧಾರವಾಡ ಕಡೆಯ ಮಗು "ಮನ್ಯಾಗ" ಎಂದೂ ಹೇಳುತ್ತದೆ. ತುಳು ಮನೆಮಾತಿನ ಮಗು "ಇಲ್ಲಡ್" ಎಂದೂ, ತೆಲುಗು ಮನೆಮಾತಿನ ಮಗು "ಇಂಟ್ಲೋ" ಎಂದೂ, ಉರ್ದು ಮನೆಮಾತಿನ ಮಗು "ಘರ್ ಮೇ" ಎಂದೂ ಹೇಳುತ್ತದೆ. ಪ್ರಾದೇಶಿಕ ಭೇದಗಳು ಅತಿ ಸ್ಪಷ್ಟವಾಗಿ ಕಾಣುವ ಜಾಗಗಳಲ್ಲಿ ಪದಾಂತ್ಯವೂ ಒಂದು. ಆದ್ದರಿಂದ ಮಗುವಿನ ಮಾತಿಗೆ ಇತರರು ನಗುವ ಸಂದರ್ಭಗಳೂ ಇಲ್ಲಿಯೇ ಹೆಚ್ಚು.

ಕಟ್ಟಡ ಕೆಲಸಕ್ಕಾಗಿ ದೂರದ ಜಿಲ್ಲೆಯಿಂದ ಬೆಂಗಳೂರಿಗೆ ಬಂದ ಕುಟುಂಬದ ಮಗು ಮೊದಲ ದಿನ "ನಮ್ಮ ಮನ್ಯಾಗ ಕರು ಐತಿ" ಎಂದು ಹೇಳಿ, ಉಳಿದ ಮಕ್ಕಳು ನಕ್ಕರೆ, ಮರುದಿನ ಅದು ಬಾಯಿ ತೆರೆಯದಿರಬಹುದು. ಮೌನವಾಗಿ ಕುಳಿತ ಮಗುವನ್ನು "ಮಂದ" ಎಂದು ತಿಳಿಯುವ ಅಪಾಯವೂ ಇದೆ. ವಾಸ್ತವವಾಗಿ ಆ ಮಗು ಪದಾಂತ್ಯವನ್ನು ತಪ್ಪಿಲ್ಲದೆ, ತನ್ನ ಊರಿನ ಕ್ರಮದಲ್ಲಿ ಬಳಸಿದೆ. ಇಂತಹ ಸಂದರ್ಭದಲ್ಲಿ ಕಾರ್ಯಕರ್ತೆಯು "ಹೌದಾ ಪುಟ್ಟಾ, ನಿಮ್ಮ ಮನೆಯಲ್ಲಿ ಕರು ಇದೆಯಾ? ಅದಕ್ಕೆ ಹುಲ್ಲು ಯಾರು ಹಾಕ್ತಾರೆ?" ಎಂದು ಮಾತು ಮುಂದುವರಿಸುವುದು ಸೂಕ್ತ. ಮಗುವಿನ ರೂಪಕ್ಕೂ ಗೌರವ ದೊರೆಯಿತು, ಪುಸ್ತಕದ ರೂಪವೂ ಕಿವಿಗೆ ಬಿದ್ದಿತು. ಒಂದೇ ಅರ್ಥಕ್ಕೆ ಎರಡು ಬಾಲಗಳಿವೆಯೆಂದು ತಿಳಿದ ಮಗುವಿಗೆ ಪದಾಂತ್ಯದ ಅರಿವು ಇನ್ನೂ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಮನೆಯಲ್ಲಿ ಕನ್ನಡೇತರ ಭಾಷೆ ಆಡುವ ಪೋಷಕರು ಮಗುವಿನೊಂದಿಗೆ ತಮ್ಮ ಮಾತನ್ನೇ ಮುಂದುವರಿಸುವುದು ಒಳ್ಳೆಯದು. ಮೇಲಿನ ಆಟಗಳನ್ನು ಯಾವುದೇ ಭಾಷೆಗೆ ಹೊಂದಿಸಿಕೊಳ್ಳಬಹುದು. ರಾಷ್ಟ್ರೀಯ ಶಿಕ್ಷಣ ನೀತಿ 2020 ಸಹ ಆರಂಭಿಕ ವರ್ಷಗಳಲ್ಲಿ ಮನೆಮಾತಿಗೆ ಪ್ರಾಶಸ್ತ್ಯ ನೀಡಿದೆ.

8. ಪೋಷಕರು ಗಮನಿಸಬೇಕಾದ ಅಂಶಗಳು

- ಮಗು ತಪ್ಪು ಅಂತ್ಯ ಬಳಸಿದಾಗ ತಡೆದು ತಿದ್ದುವ ಬದಲು, ಸರಿಯಾದ ರೂಪವನ್ನು ತಮ್ಮ ಉತ್ತರದಲ್ಲಿ ಸೇರಿಸಿ ಹೇಳುವುದು. "ಅವನು ನಂಗೆ ಬಳಪ ಕೊಡಿದ" ಎಂದರೆ, "ಓ, ಬಳಪ ಕೊಟ್ಟನಾ? ಯಾವ ಬಣ್ಣದ್ದು ಕೊಟ್ಟ?" ಎಂದು ಕೇಳುವುದು.
- ಪ್ರತ್ಯಯಗಳ ಪಟ್ಟಿಯನ್ನು ಕಂಠಪಾಠ ಮಾಡಿಸಬಾರದು. ವಿಭಕ್ತಿ, ಲಿಂಗ, ವಚನ ಎಂಬ ಪಾರಿಭಾಷಿಕ ಪದಗಳನ್ನು ಬಳಸಬಾರದು.
- ಮಗುವಿನೊಂದಿಗೆ ಮೊಟಕುಗೊಳಿಸಿದ ಮಾತನ್ನೇ ಸದಾ ಆಡಬಾರದು. "ಪಾಪು, ಬಾ, ಮಮ್ಮು" ಎನ್ನುವುದು ಒಂದು ವಯಸ್ಸಿಗೆ ಸರಿ. ಮೂರು ವರ್ಷದ ಮಗುವಿಗೆ "ಪಾಪು, ಊಟಕ್ಕೆ ಬಾ, ತಟ್ಟೆಯಲ್ಲಿ ಅನ್ನ ಹಾಕಿದ್ದೇನೆ" ಎಂಬ ಪೂರ್ಣ ವಾಕ್ಯ ಬೇಕು.
- ದೂರದರ್ಶನ ಹಾಗೂ ಮೊಬೈಲುಗಳು ಮಾತನಾಡುತ್ತವೆ, ಆದರೆ ಮಗುವಿನ ಮಾತಿಗೆ ಕಾಯುವುದಿಲ್ಲ. ಪದಾಂತ್ಯಗಳ ಕಲಿಕೆಗೆ ಮರುಮಾತು ಅಗತ್ಯ.

9. ತಜ್ಞರ ಸಲಹೆ ಪಡೆಯಬೇಕಾದ ಸಂದರ್ಭಗಳು

ಮಾತಿನಲ್ಲಿ ಪದಾಂತ್ಯಗಳು ಮೇಲಿಂದ ಮೇಲೆ ಬಿಟ್ಟುಹೋಗುತ್ತಿದ್ದರೆ ಅದಕ್ಕೆ ಶ್ರವಣದೋಷವೂ ಕಾರಣವಾಗಿರಬಹುದು. ಈ ಕೆಳಗಿನ ಲಕ್ಷಣಗಳಲ್ಲಿ ಯಾವುದಾದರೂ ಕಂಡುಬಂದಲ್ಲಿ ವಿಳಂಬ ಮಾಡದೆ ತಪಾಸಣೆ ಮಾಡಿಸತಕ್ಕದ್ದು:

- ಎರಡು ವರ್ಷ ತುಂಬಿದರೂ ಎರಡು ಪದಗಳನ್ನು ಕೂಡಿಸಿ ಮಾತನಾಡದಿರುವುದು
- ನಾಲ್ಕು ವರ್ಷವಾದರೂ ಮನೆಯವರಲ್ಲದವರಿಗೆ ಮಗುವಿನ ಮಾತು ಅರ್ಥವಾಗದಿರುವುದು
- ಹಿಂದಿನಿಂದ ಕರೆದಾಗ ತಿರುಗದಿರುವುದು, ಮತ್ತೆ ಮತ್ತೆ "ಆಂ?" ಎಂದು ಕೇಳುವುದು
- ಆಗಾಗ ಕಿವಿ ಸೋರುವುದು ಅಥವಾ ಕಿವಿನೋವು
- ಮೊದಲು ಆಡುತ್ತಿದ್ದ ಮಾತು ನಿಂತುಹೋಗುವುದು

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ವೈದ್ಯಕೀಯ ತಂಡವು ವರ್ಷಕ್ಕೆ ಎರಡು ಬಾರಿ ಅಂಗನವಾಡಿ ಮಕ್ಕಳ ತಪಾಸಣೆ ನಡೆಸಬೇಕಾಗಿರುತ್ತದೆ. ಆ ದಿನ ಮಗುವನ್ನು ತಪ್ಪದೆ ಕಳುಹಿಸಿ, ಮಾತು ಅಥವಾ ಶ್ರವಣದ ಬಗ್ಗೆ ಅನುಮಾನವಿದ್ದಲ್ಲಿ ತಂಡಕ್ಕೆ ತಿಳಿಸುವುದು. ಅಗತ್ಯವಿದ್ದಲ್ಲಿ ಮಗುವನ್ನು ಹೆಚ್ಚಿನ ತಪಾಸಣೆಗೆ ಕಳುಹಿಸಲಾಗುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಮಕ್ಕಳ ಮಾತು ಮತ್ತು ಶ್ರವಣದ ಪರೀಕ್ಷೆಗೆ ಸೌಲಭ್ಯವಿದೆ. ಕಿವಿಯ ತೊಂದರೆ ಬೇಗ ಪತ್ತೆಯಾದಷ್ಟೂ ಮಗುವಿನ ಮಾತಿಗೂ ಓದಿಗೂ ಅನುಕೂಲ. ಮುಂದೆ ನೋಡೋಣವೆಂದು ಕಾಯುವುದರಿಂದ ಮಗುವಿಗೆ ನಷ್ಟವಾಗುತ್ತದೆ.

10. ಸೇವೆ ಪಡೆಯುವ ವಿಧಾನ

ಸಮಗ್ರ ಶಿಶು ಅಭಿವೃದ್ಧಿ ಸೇವೆಗಳ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಯೋಜನಾ ಪ್ರದೇಶಗಳಲ್ಲಿ ಪ್ರಾರಂಭವಾಯಿತು. ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಇದರ ಮೊದಲ ಯೋಜನೆ ಆರಂಭಗೊಂಡಿತು. ಶಾಲಾ ಪೂರ್ವ ಶಿಕ್ಷಣವು ಈ ಯೋಜನೆಯ ಮೂಲ ಸೇವೆಗಳಲ್ಲಿ ಒಂದು. 2002ರ 86ನೇ ತಿದ್ದುಪಡಿಯ ನಂತರ ಸಂವಿಧಾನದ 45ನೇ ಅನುಚ್ಛೇದವು, ಆರು ವರ್ಷ ತುಂಬುವವರೆಗೆ ಎಲ್ಲ ಮಕ್ಕಳ ಪಾಲನೆ ಹಾಗೂ ಶಿಕ್ಷಣಕ್ಕೆ ರಾಜ್ಯವು ಪ್ರಯತ್ನಿಸತಕ್ಕದ್ದೆಂದು ಹೇಳುತ್ತದೆ.

- ಅರ್ಹತೆ: ಶಾಲಾ ಪೂರ್ವ ಶಿಕ್ಷಣಕ್ಕೆ 3 ರಿಂದ 6 ವರ್ಷದೊಳಗಿನ ಎಲ್ಲ ಮಕ್ಕಳು. ಜಾತಿ ಅಥವಾ ಆದಾಯದ ಮಿತಿ ಇರುವುದಿಲ್ಲ.
- ಶುಲ್ಕ: ಇರುವುದಿಲ್ಲ.
- ಸಂಪರ್ಕಿಸಬೇಕಾದವರು: ವಾಸಸ್ಥಳಕ್ಕೆ ಸಮೀಪದ ಕೇಂದ್ರದ ಅಂಗನವಾಡಿ ಕಾರ್ಯಕರ್ತೆ. ಬೇರೆ ಊರಿನಿಂದ ವಲಸೆ ಬಂದ ಕುಟುಂಬಗಳ ಮಕ್ಕಳೂ ದಾಖಲಾಗಬಹುದು.
- ಪೋಷಕರ ಸಭೆ: ಕೇಂದ್ರದಲ್ಲಿ ನಡೆಯುವ ಇ.ಸಿ.ಸಿ.ಇ. ದಿನಾಚರಣೆಗೆ ಹಾಜರಾಗಿ, ತಮ್ಮ ಮಗು ಮಾಡಿದ ಚಟುವಟಿಕೆಗಳ ವಿವರ ಪಡೆಯಬಹುದು.
- ಅಹವಾಲು: ಮೊದಲು ವೃತ್ತದ ಮೇಲ್ವಿಚಾರಕಿಯವರಿಗೆ, ತದನಂತರ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರಿಗೆ ಲಿಖಿತವಾಗಿ ಸಲ್ಲಿಸಬಹುದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನನಗೆ ಓದು ಬರಹ ಬಾರದು. ಮನೆಯಲ್ಲಿ ಮಗುವಿಗೆ ಇದನ್ನು ಕಲಿಸಬಹುದೇ?
ಉತ್ತರ: ಖಂಡಿತವಾಗಿ. ಇಲ್ಲಿ ವಿವರಿಸಿರುವ ಆಟಗಳಿಗೆ ಅಕ್ಷರಜ್ಞಾನ ಬೇಕಿಲ್ಲ, ಮಾತು ಬಂದರೆ ಸಾಕು. ಕಥೆ, ಒಗಟು, ಗಾದೆಗಳನ್ನು ಬಲ್ಲ ಅಜ್ಜಿ ತಾತಂದಿರು ಈ ಕೆಲಸವನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಬಲ್ಲರು.

ಪ್ರಶ್ನೆ: ಪಕ್ಕದ ಮನೆಯ ಮಗು ನಾಲ್ಕನೆಯ ವಯಸ್ಸಿಗೇ ಅಕ್ಷರ ಬರೆಯುತ್ತದೆ. ನಮ್ಮ ಮಗು ಹಿಂದುಳಿಯುವುದಿಲ್ಲವೇ?
ಉತ್ತರ: ಇಲ್ಲ. ಅಕ್ಷರದ ಆಕಾರವನ್ನು ತಿದ್ದುವುದೇ ಬೇರೆ, ಓದಿ ಅರ್ಥಮಾಡಿಕೊಳ್ಳುವುದೇ ಬೇರೆ. ಮಗುವಿನ ಮಾತು ಹಾಗೂ ಕಥೆ ಕೇಳುವ ಆಸಕ್ತಿಯನ್ನು ಗಮನಿಸಿ.

ಪ್ರಶ್ನೆ: ಮುಂದೆ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವ ಉದ್ದೇಶವಿದೆ. ಕನ್ನಡದ ಪದಾಂತ್ಯಗಳಿಂದ ಪ್ರಯೋಜನವಿದೆಯೇ?
ಉತ್ತರ: ಇದೆ. ಇಂಗ್ಲಿಷಿನಲ್ಲಿಯೂ ಬಹುವಚನ, ಭೂತಕಾಲಗಳನ್ನು ಪದದ ಕೊನೆಯೇ ತಿಳಿಸುತ್ತದೆ. ಪದದ ಕೊನೆಯಲ್ಲಿ ಅರ್ಥವಿರುತ್ತದೆಂಬ ಅರಿವನ್ನು ಮಗು ಒಂದು ಭಾಷೆಯಲ್ಲಿ ಗಳಿಸಿದರೆ ಇನ್ನೊಂದು ಭಾಷೆಯಲ್ಲಿ ಅದನ್ನು ಹುಡುಕುವುದು ಸುಲಭ.

ಪ್ರಶ್ನೆ: ದಿನಕ್ಕೆ ಎಷ್ಟು ಸಮಯ ನೀಡಬೇಕು?
ಉತ್ತರ: ಪ್ರತ್ಯೇಕ ಸಮಯ ಬೇಕಾಗಿಲ್ಲ. ಊಟ ಬಡಿಸುವಾಗ, ಬಟ್ಟೆ ಮಡಿಸುವಾಗ, ಕೇಂದ್ರದಿಂದ ಮನೆಗೆ ನಡೆದು ಬರುವಾಗ "ಎಲ್ಲಿಂದ ಬಂದೆ? ಯಾರ ಜೊತೆಯಲ್ಲಿ ಆಡಿದೆ? ಯಾರಿಗೆ ಏನು ಕೊಟ್ಟೆ?" ಎಂದು ಕೇಳಿ, ಉತ್ತರಕ್ಕೆ ತಾಳ್ಮೆಯಿಂದ ಕಾಯುವುದು. ಮಗುವಿನ ಉತ್ತರದ ಕೊನೆಯವರೆಗೂ ಕಿವಿಗೊಡಬೇಕೆಂದು ಪೋಷಕರಲ್ಲಿ ಕೋರಲಾಗಿದೆ.